ಬೊಡ್ಡೆಗಳ ಕಾಡಿನಲ್ಲಿ ಹತ್ತು ಜಲಪಾತ

ಮಕ್ಕಳೇ, ಅಮೆರಿಕದ ಒಂದು ಡಾಲರಿಗೆ ನೂರು ಸೆಂಟ್. ಸುಮಾರು ನೂರು ವರ್ಷದ ಹಿಂದೆ ಅಲ್ಲಿನ ಆರೆಗಾನ್ ರಾಜ್ಯದಲ್ಲಿ ಒಬ್ಬ ಜಮೀನುದಾರನ ಕೈಗೆ ಹತ್ತು ಸೆಂಟ್ ಇಟ್ಟರೆ ಒಂದು ವಿಚಿತ್ರ ತಮಾಷೆ ನೋಡಲು ಸಿಗುತ್ತಿತ್ತು. ಅವನ ಜಮೀನಿನಲ್ಲಿ 177 ಅಡಿ ಎತ್ತರದ ಜಲಪಾತವಿತ್ತು. ಅದರ ನೆತ್ತಿಯಿಂದ ಹಳೆಯ ಕಾರುಗಳನ್ನು ಕೆಳಗೆ ತಳ್ಳಿಸುತ್ತಿದ್ದ! ಜನ ದುಡ್ಡು ಕೊಟ್ಟು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. 1928ರಲ್ಲಂತೂ ಆಲ್ ಫಾಸೆಟ್ ಎಂಬ ಸಾಹಸಿ ಪುಟ್ಟ ದೋಣಿಯಲ್ಲಿ ಕುಳಿತು ಅಲ್ಲಿಂದಲೇ ಕೆಳಗೆ ಬಿದ್ದ. ಪೆಟ್ಟು ತಿಂದ, ಆದರೆ ಬದುಕಿಕೊಂಡ. ನೀವು ಮಾತ್ರ ಬಕೆಟ್ಟಿನಲ್ಲಿ ಕುಳಿತು ಮೆಟ್ಟಿಲಿನಿಂದ ಜಾರುವ ಪ್ರಯೋಗ ಮಾಡಬೇಡಿ. ಅಜ್ಜಂದಿರ ಹೆಸರು ಕೆಡುತ್ತದೆ.

ಆ ಜಲಪಾತದ ಹೆಸರು ಸೌತ್ ಫಾಲ್ಸ್. ಕಳೆದ ಜೂನ್ ಕೊನೆಯ ವಾರ ನಾನು ಅದರ ಹಿಂದೆ ನಿಂತು ಬಂದೆ. ಹೌದು, ಮುಂದೆ ಅಲ್ಲ, ಹಿಂದೆ. ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮಗಳು ಅಳಿಯ ಇರುವುದು ಆರೆಗಾನಿನ ಪೋರ್ಟ್‌ಲ್ಯಾಂಡ್ ಊರಿನ ಪಕ್ಕದಲ್ಲಿ. ಕಂಪ್ಯೂಟರಿನ ಚಿಪ್ ತಯಾರಿಸುವ ಕೆಲಸಕ್ಕೆಂದು ನಮ್ಮ ಕಡೆಯ ಹುಡುಗರು ಬಹಳ ಮಂದಿ ಅಲ್ಲಿ ಸೇರಿದ್ದಾರೆ. ಶಾಲೆಗೆ ರಜೆ ಬಿಟ್ಟಿತ್ತು. ಹನ್ನೆರಡು ವರ್ಷದ ಮೊಮ್ಮಗಳು, ಒಂಬತ್ತು ವರ್ಷದ ಮೊಮ್ಮಗ ಇಬ್ಬರೂ ಸೇರಿ, "ಅಜ್ಜ, ಈ ಸಲ ನೀವೂ ಅಜ್ಜಿಯೂ ಟೆಂಟಲ್ಲಿ ಮಲಗಲೇಬೇಕು" ಎಂದು ಹಟ ಹಿಡಿದರು. ಸಿಲ್ವರ್ ಫಾಲ್ಸ್ ಸ್ಟೇಟ್ ಪಾರ್ಕ್ ಎಂಬಲ್ಲಿ ಎರಡು ರಾತ್ರಿಗೆ ಜಾಗ ಕಾದಿರಿಸಿದ್ದರು. ಆರು ತಿಂಗಳು ಮೊದಲೇ ಕಾದಿರಿಸಲು ಅವಕಾಶವಿದೆ. ಬೇಸಿಗೆಯ ಶನಿವಾರ, ಭಾನುವಾರಗಳು ಬೇಗ ತುಂಬಿಹೋಗುತ್ತವೆ.

ಪಾರ್ಕ್ ಅಂದ ಕೂಡಲೇ ನಮ್ಮ ಮನೆಯಾಕೆಯ ಕಣ್ಣ ಮುಂದೆ ಬಂದದ್ದು ನಾಲ್ಕು ಕಲ್ಲು ಬೆಂಚು, ಒಂದು ಕಾರಂಜಿ, ಕಡಲೆಕಾಯಿ ಮಾರುವವನು. ಇದು ಹಾಗಲ್ಲ. ಒಂಬತ್ತು ಸಾವಿರ ಎಕರೆಗೂ ಮಿಗಿಲಾದ ಕಾಡು. ಅಮೆರಿಕದಲ್ಲಿ ಕೇಂದ್ರ ಸರ್ಕಾರ ನೋಡಿಕೊಳ್ಳುವುದು ನ್ಯಾಷನಲ್ ಪಾರ್ಕ್, ರಾಜ್ಯ ಸರ್ಕಾರ ನೋಡಿಕೊಳ್ಳುವುದು ಸ್ಟೇಟ್ ಪಾರ್ಕ್. ಆರೆಗಾನಿನ ಸ್ಟೇಟ್ ಪಾರ್ಕುಗಳಲ್ಲಿ ಇದೇ ದೊಡ್ಡದು.

ಹೋಗುವ ದಾರಿಯಲ್ಲಿ ಸಿಲ್ವರ್‌ಟನ್ ಎಂಬ ಪುಟ್ಟ ಪೇಟೆ ಸಿಗುತ್ತದೆ. ಅಲ್ಲಿ ಗೋಡೆಯ ಮೇಲೆ ಒಂದು ನಾಯಿಯ ಕಥೆಯನ್ನೇ ಚಿತ್ರವಾಗಿ ಬರೆದಿದ್ದಾರೆ. ನಾಯಿಯ ಹೆಸರು ಬಾಬಿ. 1923ರಲ್ಲಿ ಯಜಮಾನರ ಜೊತೆ ಕಾರಿನಲ್ಲಿ ದೂರದ ಇಂಡಿಯಾನಾ ರಾಜ್ಯಕ್ಕೆ ಹೋಗಿದ್ದಾಗ ಅದು ತಪ್ಪಿಸಿಕೊಂಡಿತು. ಹುಡುಕಿದರು, ಸಿಗಲಿಲ್ಲ, ಅಳುತ್ತ ಊರಿಗೆ ಮರಳಿದರು. ಆರು ತಿಂಗಳ ಮೇಲೆ, 1924ರ ಫೆಬ್ರವರಿಯಲ್ಲಿ, ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ನಡೆದು, ಬಡಕಲಾಗಿ, ಪಾದ ಸವೆದು, ಬಾಬಿ ಸಿಲ್ವರ್‌ಟನ್ನಿಗೆ ಬಂದು ಮುಟ್ಟಿತು! ಅಂಥ ನಾಯಿ ಇಂದು ಬದುಕಿದ್ದರೂ ಪಾರ್ಕಿನ ಕಣಿವೆ ದಾರಿಗೆ ಅದನ್ನು ಬಿಡುವುದಿಲ್ಲ. ಅಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ ಎಂದು ಬೋರ್ಡೇ ಹಾಕಿದ್ದಾರೆ.

ಪಾರ್ಕಿನಲ್ಲಿ ಪ್ರತಿ ಕುಟುಂಬಕ್ಕೂ ಮರಗಳ ನಡುವೆ ನಂಬರು ಹಾಕಿದ ಒಂದೊಂದು ಅಂಗಳ. ಅದರಲ್ಲಿ ಒಂದು ಮರದ ಮೇಜು, ಕಬ್ಬಿಣದ ಬಳೆ ಹಾಕಿದ ಒಂದು ಬೆಂಕಿಗುಂಡಿ. ಬೆಂಕಿ ಹಾಕುವುದು ಆ ಬಳೆಯೊಳಗೆ ಮಾತ್ರ. ಸ್ನಾನಕ್ಕೆ ಬಿಸಿನೀರು ಕೂಡ ಇದೆ. ಇದನ್ನು ಅಜ್ಜಿಯರಿಗಾಗಿ ವಿಶೇಷವಾಗಿ ಬರೆಯುತ್ತಿದ್ದೇನೆ. ಸೌದೆಯನ್ನು ಮನೆಯಿಂದ ತರಬೇಡಿ, ಇಲ್ಲೇ ಕೊಳ್ಳಿ ಎನ್ನುತ್ತಾರೆ. ದುಡ್ಡು ಮಾಡುವ ಉಪಾಯ ಎಂದು ನನಗೆ ಅನುಮಾನ ಬಂತು. ಬ್ಯಾಂಕಿನಲ್ಲಿದ್ದವರ ಬುದ್ಧಿ ಹಾಗೆ. ಕಾರಣ ಬೇರೆಯಂತೆ. ದೂರದ ಸೌದೆಯೊಳಗೆ ಅಡಗಿದ ಹುಳುಗಳು ಈ ಕಾಡಿಗೆ ಬಂದು ಸೇರಿದರೆ ಇಲ್ಲಿನ ಮರಗಳಿಗೆ ರೋಗ. ಊಟದ ಸಾಮಾನನ್ನು ಹೊರಗೆ ಬಿಡುವಂತಿಲ್ಲ, ರಾತ್ರಿ ಎಲ್ಲವನ್ನೂ ಕಾರಿನೊಳಗೆ ಇಟ್ಟು ಬೀಗ ಹಾಕಬೇಕು. ಕಾಡಿನಲ್ಲಿ ಕರಡಿಗಳಿವೆ. ಕರಡಿ ಬರದಿದ್ದರೂ ರಕೂನ್ ಎಂಬ ಮುಖವಾಡದ ಕಳ್ಳ ಬಂದೇ ಬರುತ್ತದೆ.

ನಮ್ಮ ಅಂಗಳಕ್ಕೆ ಒಬ್ಬ ಹಿರಿಯರು ಬಂದು, ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರು. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವರಿರಬೇಕು. ಕ್ಯಾಂಪಿನ ಹೋಸ್ಟ್ ಅಂತೆ. ಸಂಬಳ ಎಷ್ಟು ಎಂದು ಕೇಳಿದೆ. ಮಗಳು ಕಣ್ಣಲ್ಲೇ ಗದರಿದಳು. ಅಲ್ಲಿ ಸಂಬಳ ಕೇಳುವುದು ಸಭ್ಯತೆ ಅಲ್ಲವಂತೆ. ಅವರು ನಕ್ಕು, ಸಂಬಳ ಇಲ್ಲ, ನಿವೃತ್ತಿ ಆದ ಮೇಲೆ ಗಂಡ ಹೆಂಡತಿ ಇಬ್ಬರೂ ಗಾಡಿಮನೆಯೊಂದಿಗೆ ಬಂದು ಇಲ್ಲಿ ಇರುತ್ತೇವೆ, ಜಾಗ ಉಚಿತ, ಕೆಲಸ ನಮ್ಮದು ಎಂದರು. ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ನಿವೃತ್ತರಾದವರಿಗೆ ವಾಕಿಂಗ್ ಬಿಟ್ಟರೆ ಇನ್ನೊಬ್ಬರ ಮನೆಯ ಸುದ್ದಿ, ಎರಡೇ ಉದ್ಯೋಗ.

ಆ ಸಂಜೆ ಎಲ್ಲರೂ ಸೌತ್ ಫಾಲ್ಸಿಗೆ ಹೊರಟೆವು. ಮೇಲಿನಿಂದ ನೋಡಿ, ನಂತರ ಕಣಿವೆಗೆ ಇಳಿದು, ಜಲಪಾತದ ಬೆನ್ನಿನ ಹಿಂದೆ ಹಾದು, ಮತ್ತೆ ಹತ್ತಿಬರಬೇಕು. ಇಳಿಯುವಾಗ ನನ್ನ ಬಲಮಂಡಿ ಪ್ರತಿ ಹೆಜ್ಜೆಗೂ ಹಾಜರಿ ಹಾಕುತ್ತಿತ್ತು. ಮೊಮ್ಮಗ ಕೈ ಹಿಡಿದುಕೊಂಡ. ಅವನು ನನಗೆ ಆಸರೆಯೋ ನಾನು ಅವನಿಗೋ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

"ಅಜ್ಜ, ನಮ್ಮ ಜೋಗ ಇದಕ್ಕಿಂತ ದೊಡ್ಡದಲ್ವಾ?" ಎಂದ. 830 ಅಡಿ ಎಂದೆ. ಅವನ ಎದೆ ಉಬ್ಬಿತು. ಆದರೆ ಜೋಗದಲ್ಲಿ ನೀರಿನ ಹಿಂದೆ ಹೋಗಿ ನಿಲ್ಲಲು ಆಗುವುದಿಲ್ಲವಲ್ಲ! ಇಲ್ಲಿ ಬಂಡೆ ಮುಂದೆ ಚಾಚಿ ಮಾಡಿನಂತೆ ನಿಂತಿದೆ. ಅದರ ಕೆಳಗೆ ಅಗಲವಾದ ಗವಿ. ಗವಿಯೊಳಗೆ ಕಾಲುದಾರಿ. ಎದುರಿಗೆ ಬಿಳಿ ಪರದೆಯಂತೆ ನೀರು, ಪರದೆಯ ಆಚೆ ಹಸಿರು ಕಣಿವೆ. ಸದ್ದಿನಲ್ಲಿ ಮಾತು ಕೇಳಿಸದು. ನಮ್ಮ ಮನೆಯಾಕೆ ಕೈ ಮುಗಿದು ನಿಂತುಬಿಟ್ಟಳು. ತುಂತುರು ಬಿದ್ದು ನನ್ನ ಕನ್ನಡಕದಲ್ಲಿ ಏನೂ ಕಾಣದಾಯಿತು. ಒರೆಸಲು ಅಂಗಿಯೂ ಒದ್ದೆ.

ಈ ಗವಿ ಆದದ್ದು ಹೇಗೆ? ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಪೂರ್ವದ ಕಡೆ ನೆಲ ಬಿರುಕು ಬಿಟ್ಟು, ಕರಗಿದ ಕಲ್ಲು ಪ್ರವಾಹವಾಗಿ ಹರಿದುಬಂದು ಇಲ್ಲಿ ಗಟ್ಟಿಯಾಯಿತು. ಅದೇ ಈ ಕರಿಕಲ್ಲು. ಅದರ ಅಡಿಯಲ್ಲಿದ್ದ ಪದರ ಮೆತ್ತಗಿನದು. ಜಲಪಾತದ ಎರಚಲಿಗೆ ಮೆತ್ತಗಿನ ಪದರ ಸವೆಯುತ್ತ ಹೋಯಿತು, ಮೇಲಿನ ಗಟ್ಟಿ ಕಲ್ಲು ಮಾಡಿನಂತೆ ಉಳಿಯಿತು. ಇಲ್ಲಿ ಇಂಥ ಹತ್ತು ಜಲಪಾತಗಳನ್ನು ಒಂದೇ ದಾರಿಯಲ್ಲಿ ನೋಡಬಹುದು. ಪೂರ್ತಿ ಸುತ್ತಿದರೆ 7.2 ಮೈಲಿ, ಅಂದರೆ ಹನ್ನೊಂದೂವರೆ ಕಿಲೋಮೀಟರ್. ಅವುಗಳಲ್ಲಿ ನಾಲ್ಕರ ಹಿಂದೆ ಹೋಗಲು ದಾರಿಯಿದೆ.

ಮರುದಿನ ಅಳಿಯ ಮತ್ತು ಮೊಮ್ಮಗಳು ಬೆಳಿಗ್ಗೆಯೇ ಹತ್ತನ್ನೂ ನೋಡಲು ಹೊರಟರು. ನಮ್ಮ ಮನೆಯಾಕೆ, ನಿನ್ನೆಯದೇ ಸಾಕು, ಇಲ್ಲೇ ಮರದ ಕೆಳಗೆ ಕೂರುತ್ತೇನೆ ಎಂದಳು. ನಾನು, ಮಗಳು, ಮೊಮ್ಮಗ ಕಾರಿನಲ್ಲಿ ಇನ್ನೊಂದು ತುದಿಗೆ ಹೋಗಿ ನಾರ್ತ್ ಫಾಲ್ಸಿಗೆ ಇಳಿದೆವು. ಅದು 136 ಅಡಿ. ಅಲ್ಲಿನ ಗವಿಯ ಚಾವಣಿಯನ್ನು ತಲೆ ಎತ್ತಿ ನೋಡಬೇಕು. ಕಲ್ಲಿನಲ್ಲಿ ದುಂಡಗಿನ ತೂತುಗಳಿವೆ. ಬಿಸಿ ಕಲ್ಲಿನ ಪ್ರವಾಹ ಬಂದಾಗ ಅಲ್ಲಿ ನಿಂತಿದ್ದ ಮರಗಳ ಸುತ್ತ ಅದು ಗಟ್ಟಿಯಾಯಿತು; ಒಳಗಿನ ಮರ ಉರಿದುಹೋಯಿತು; ಮರವಿದ್ದ ಜಾಗ ಮಾತ್ರ ತೂತಾಗಿ ಉಳಿಯಿತು. ಒಂದೂವರೆ ಕೋಟಿ ವರ್ಷದ ಹಿಂದಿನ ಮರದ ಅಚ್ಚು! ಮೊಮ್ಮಗ ಅಷ್ಟು ಹೊತ್ತಿಗೆ ಹೊಳೆಯಲ್ಲಿ ಒಂದು ಬೂದು ಹಕ್ಕಿಯನ್ನು ಕಂಡಿದ್ದ. ಡಿಪ್ಪರ್ ಅಂತ ಅದರ ಹೆಸರು. ಕಲ್ಲಿನ ಮೇಲೆ ನಿಂತು ಬಸ್ಕಿ ಹೊಡೆಯುತ್ತದೆ, ಆಮೇಲೆ ನೀರೊಳಗೆ ಇಳಿದು ತಳದಲ್ಲಿ ನಡೆದುಕೊಂಡೇ ಹುಳು ಹುಡುಕುತ್ತದೆ.

ನನ್ನ ಗಮನ ಸೆಳೆದದ್ದು ಮಾತ್ರ ಬೇರೆ. ಡಗ್ಲಸ್ ಫರ್ ಎಂಬ ನೆಟ್ಟಗಿನ ದೊಡ್ಡ ಮರಗಳ ನಡುವೆ ಅಲ್ಲಲ್ಲಿ ಭಾರೀ ಬೊಡ್ಡೆಗಳು. ಎಂದೋ ಕಡಿದವು. ಪಾಚಿ, ಜರಿಗಿಡ ಮೆತ್ತಿಕೊಂಡು ಮುದಿಯಾಗಿವೆ. ಒಂದು ಬೊಡ್ಡೆಯಲ್ಲಿ ಎದೆಯೆತ್ತರಕ್ಕೆ ಬಾಯಿ ತೆರೆದಂಥ ಒಂದು ಕಚ್ಚು.

"ಅಜ್ಜ, ಇದು ಮರದ ಬಾಯಾ?"

ಅಲ್ಲ. ಆ ಕಾಲದ ಮರ ಕಡಿಯುವವರು ಬುಡದಲ್ಲಿ ಕಚ್ಚು ಹಾಕಿ, ಅದರಲ್ಲಿ ಹಲಗೆ ಸಿಕ್ಕಿಸಿ, ಹಲಗೆಯ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಬುಡ ಬಹಳ ದಪ್ಪ, ಸ್ವಲ್ಪ ಮೇಲೆ ಕೊಯ್ದರೆ ಸುಲಭ. ಆ ಬೊಡ್ಡೆಯ ನೆತ್ತಿಯ ಮೇಲೆ ಇನ್ನೊಂದು ಮರ ಬೆಳೆದು ನಿಂತಿತ್ತು, ಹೆಮ್‌ಲಾಕ್ ಜಾತಿಯದು. ನಮ್ಮಲ್ಲಿ ಹಳೇ ಗೋಡೆಯ ಮೇಲೆ ಅರಳಿ ಸಸಿ ಹುಟ್ಟುವುದಿಲ್ಲವೇ, ಹಾಗೆ ಹುಟ್ಟಿ, ಬೊಡ್ಡೆಯನ್ನು ತಬ್ಬಿಕೊಂಡು ಬೇರುಗಳನ್ನು ನೆಲಕ್ಕೆ ಇಳಿಸಿತ್ತು.

ಇದರ ಹಿಂದಿನ ಕಥೆ ಕೇಳಿ. 1888ರ ಹೊತ್ತಿಗೆ ಸೌತ್ ಫಾಲ್ಸಿನ ನೆತ್ತಿಯ ಬಳಿಯೇ ಮರ ಕಡಿಯುವವರ ಒಂದು ಊರು ಎದ್ದಿತ್ತು. ಕಡಿದರು, ಸಾಗಿಸಿದರು, ಉಳಿದದ್ದು ಬೊಡ್ಡೆ. ಸಿಲ್ವರ್‌ಟನ್ನಿನಲ್ಲಿ ಜೂನ್ ಡ್ರೇಕ್ ಎಂಬ ಫೋಟೋಗ್ರಾಫರ್ ಇದ್ದ. ಹೆಸರು ಜೂನ್, ಆದರೆ ಗಂಡಸು. ಈತ 1900ರ ಸುಮಾರಿನಿಂದಲೇ ಜಲಪಾತಗಳ ಫೋಟೋ ತೆಗೆದು ತೆಗೆದು, ಇದನ್ನು ಉದ್ಯಾನ ಮಾಡಿ ಎಂದು ಕಂಡವರನ್ನೆಲ್ಲ ಕೇಳತೊಡಗಿದ. ಕೊನೆಗೆ 1926ರಲ್ಲಿ ನ್ಯಾಷನಲ್ ಪಾರ್ಕಿನ ಕಡೆಯಿಂದ ಒಬ್ಬ ಇನ್‌ಸ್ಪೆಕ್ಟರ್ ಬಂದ. ನೋಡಿದ. ಬೊಡ್ಡೆಗಳು ಬಹಳ, ನೋಡಲು ಚೆನ್ನಾಗಿಲ್ಲ ಎಂದು ತಿರಸ್ಕರಿಸಿ ಹೋದ.

ಅರ್ಜಿ ತಿರಸ್ಕಾರವಾದವರ ಮುಖಗಳನ್ನು ಕೌಂಟರಿನ ಈಚೆ ಕುಳಿತು ನಾನು ಬಹಳ ನೋಡಿದ್ದೇನೆ. ಹೆಚ್ಚಿನವರು ಮತ್ತೆ ಬರುವುದಿಲ್ಲ. ಡ್ರೇಕ್ ಬಿಡಲಿಲ್ಲ. ಕೇಂದ್ರ ಬೇಡವೆಂದದ್ದನ್ನು ರಾಜ್ಯ ತೆಗೆದುಕೊಂಡಿತು. ಆರೆಗಾನಿನ ಉದ್ಯಾನಗಳ ಮೊದಲ ಮೇಲ್ವಿಚಾರಕ ಸ್ಯಾಮ್ಯುಯೆಲ್ ಬೋರ್ಡ್‌ಮನ್ ಎಂಬಾತ ಇದನ್ನು ಮನಸ್ಸಿಗೆ ಹಚ್ಚಿಕೊಂಡ. 1931ರಲ್ಲಿ ಸೌತ್ ಫಾಲ್ಸಿನ ಸುತ್ತ ನೂರು ಎಕರೆ ಕೊಂಡರು, 1933ರಲ್ಲಿ ಉದ್ಯಾನ ಉದ್ಘಾಟನೆಯಾಯಿತು. ಕಾರು ತಳ್ಳುವ ಆಟ ನಿಂತಿತು. ಡ್ರೇಕನ ಹೆಸರಿನಲ್ಲೂ ಒಂದು ಜಲಪಾತವಿದೆ. ಎತ್ತರ 27 ಅಡಿ. ಹತ್ತರಲ್ಲಿ ಅದೇ ಎಲ್ಲಕ್ಕಿಂತ ಕುಳ್ಳಗಿನದು! ಅಷ್ಟು ಓಡಾಡಿದವನಿಗೆ ಇನ್ನೊಂದು ನೂರು ಅಡಿ ಹೆಚ್ಚು ಕೊಡಬಹುದಿತ್ತು ಎಂದು ನನ್ನ ಅಭಿಪ್ರಾಯ.

ಅದು ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಕಂಗಾಲಾಗಿದ್ದ ಕಾಲ. ಅಧ್ಯಕ್ಷ ರೂಸ್‌ವೆಲ್ಟ್ ಬಡಮನೆಯ ಹುಡುಗರನ್ನು ಸೇರಿಸಿ ಕಾಡು, ಉದ್ಯಾನಗಳ ಕೆಲಸಕ್ಕೆ ಹಚ್ಚಿದರು. ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂದು ಅದರ ಹೆಸರು. 1933ರಿಂದ 1942ರವರೆಗೆ ನಡೆಯಿತು. ತಿಂಗಳಿಗೆ ಮೂವತ್ತು ಡಾಲರ್ ಸಂಬಳ. ಅದರಲ್ಲಿ ಇಪ್ಪತ್ತೈದು ನೇರ ಮನೆಗೆ, ಹುಡುಗನ ಕೈಗೆ ಐದು. ಈ ಪಾರ್ಕಿನ ಕಾಲುದಾರಿ, ಕಲ್ಲಿನ ಕಟ್ಟೆ, ಸೌತ್ ಫಾಲ್ಸಿನ ಬಳಿಯ ಕಲ್ಲು ಮರದ ದೊಡ್ಡ ಲಾಡ್ಜ್ ಎಲ್ಲದರಲ್ಲೂ ಆ ಹುಡುಗರ ಕೈಯಿದೆ. ಇದನ್ನು ಓದಿದಾಗ ನನಗೆ ಕುಂದಾಪುರದ ಕಡೆಯ ಶಾಖೆಯಲ್ಲಿದ್ದ ದಿನಗಳು ನೆನಪಾದವು. ಮುಂಬೈಯ ಹೋಟೆಲುಗಳಿಗೆ ಕೆಲಸಕ್ಕೆ ಹೋದ ಹುಡುಗರ ಡ್ರಾಫ್ಟ್ ಹಿಡಿದು ತಾಯಂದಿರು ಬರುತ್ತಿದ್ದರು. ಡ್ರಾಫ್ಟಿನ ಮೊತ್ತ ನೋಡಿದರೆ ಆ ಹುಡುಗ ತನಗೆಂದು ಎಷ್ಟು ಉಳಿಸಿಕೊಂಡಿರಬಹುದು ಎಂದು ಊಹಿಸಬಹುದಿತ್ತು. ಐದು ಡಾಲರಿನ ಲೆಕ್ಕವೇ.

ಈಗ ಇದರ ಖರ್ಚು ಯಾರು ಕೊಡುತ್ತಾರೆ ಎಂದೂ ವಿಚಾರಿಸಿದೆ. ಕ್ಯಾಂಪಿನ ಬಾಡಿಗೆ, ಕಾರು ನಿಲ್ಲಿಸುವ ಶುಲ್ಕ, ಜೊತೆಗೆ ರಾಜ್ಯದ ಲಾಟರಿ! 1998ರಲ್ಲಿ ಜನರೇ ಮತ ಹಾಕಿ, ಲಾಟರಿ ಆದಾಯದ ಒಂದು ಪಾಲು ಉದ್ಯಾನಗಳಿಗೆ ಎಂದು ಗೊತ್ತುಮಾಡಿದರಂತೆ. ಲಾಟರಿ ಎಂದರೆ ನನಗೆ ಮೈಯೆಲ್ಲ ಉರಿ. ನಮ್ಮ ಬಡಾವಣೆಯಲ್ಲೇ ಎಷ್ಟೋ ಮನೆ ಮುಳುಗಿದ್ದು ಅದರಿಂದ. ಆದರೂ ಆ ದುಡ್ಡಿನಲ್ಲಿ ಇಷ್ಟಾದರೂ ಮರಕ್ಕೆ ಸೇರುತ್ತಿದೆಯಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಮೊಮ್ಮಗಳು ಕುಂಟುತ್ತ, ಆದರೆ ರಾಣಿಯಂತೆ ಬಂದಳು. ಹತ್ತೂ ಮುಗಿಸಿದ್ದಳು. ವಿಂಟರ್ ಫಾಲ್ಸ್ ಮಾತ್ರ ನೂಲಿನ ಎಳೆಯಷ್ಟು ಇತ್ತಂತೆ. ಹೆಸರೇ ಹೇಳುವಂತೆ ಅದು ಚಳಿಗಾಲದ್ದು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣಗು. ನಮ್ಮ ಮಲೆನಾಡಿಗೆ ತದ್ವಿರುದ್ಧ. ನನ್ನ ಲೆಕ್ಕದಲ್ಲಿ ಮೂರೇ ಜಲಪಾತ. "ಏಳು ಬಾಕಿ ಇದೆ ಅಜ್ಜ" ಎಂದಳು.

ರಾತ್ರಿ ಬೆಂಕಿ ಹಾಕಿದೆವು. ಅಲ್ಲಿನವರು ಮಾರ್ಷ್‌ಮ್ಯಾಲೋ ಎಂಬ ಬಿಳಿ ಮಿಠಾಯಿಯನ್ನು ಕಡ್ಡಿಗೆ ಚುಚ್ಚಿ ಸುಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆಂದು ಮಗಳು ಹೇಳಿದ್ದರಿಂದ ಅಜ್ಜಿ ಅದನ್ನು ದೂರ ಇಟ್ಟು, ಚೀಲದಿಂದ ಹಲಸಿನ ಹಪ್ಪಳ ತೆಗೆದಳು. ಇಕ್ಕುಳದಲ್ಲಿ ಹಿಡಿದು ಕೆಂಡಕ್ಕೆ ತೋರಿಸಿದರೆ ಸಾಕು, ಅರಳಿ ಬಂತು. ಪಕ್ಕದ ಅಂಗಳದ ಇಬ್ಬರು ಮಕ್ಕಳು ಬಂದು ನಿಂತರು. ಅವರಿಗೂ ಕೊಟ್ಟೆವು. ಒಟ್ಟು ಹದಿನಾಲ್ಕು ಹಪ್ಪಳ ಹೋದವು. ಹತ್ತು ಗಂಟೆಯ ಮೇಲೆ ಗದ್ದಲ ಕೂಡದು ಎಂಬ ನಿಯಮ ಇದೆ. ಹಪ್ಪಳ ಕಡಿಯುವ ಸದ್ದೂ ಅದರಲ್ಲಿ ಸೇರಿತೇ ಎಂದು ಅಳಿಯ ಕೇಳಿದ.

ಟೆಂಟಿನಲ್ಲಿ ನಿದ್ದೆ ಬರಲು ತಡವಾಯಿತು. ತಲೆಯಲ್ಲಿ ಆ ಬೊಡ್ಡೆಗಳೇ. ಅದಕ್ಕೆ ಕಾರಣವಿತ್ತು. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಡಿಕೆ ತೋಟದ ಮೇಲ್ಗಡೆ ಎರಡು ಎಕರೆ ಗುಡ್ಡವಿದೆ. ನನ್ನದೂ ತಮ್ಮನದೂ ಜಂಟಿ. ನಮ್ಮ ತಂದೆಯ ಕಾಲದಲ್ಲೇ ಬೋಳಾದದ್ದು, ಈಗ ಕಲ್ಲು, ಕರಡ, ದನ. ಹೊರಡುವ ಮೊದಲು ತಮ್ಮ ಕೇಳಿದ್ದ: "ಅಣ್ಣ, ಅದರಲ್ಲಿ ತಾನಾಗಿ ಏನೂ ಏಳೋದಿಲ್ಲ. ಅಕೇಶಿಯಾ ಹಾಕಿಸೋಣ, ಹತ್ತು ವರ್ಷಕ್ಕೆ ಕಡಿದು ಮಾರಬಹುದು." ನೋಡೋಣ ಎಂದು ಬಂದಿದ್ದೆ. ಅದೇನೂ ಅನ್ಯಾಯದ ಮಾತಲ್ಲ. ಅವನಿಗೆ ಮಗಳ ಮದುವೆಯಿದೆ.

ಆದರೆ ಇಲ್ಲಿ ನಾನು ನೋಡಿದ್ದು, ಇನ್‌ಸ್ಪೆಕ್ಟರೊಬ್ಬ ಕೈಬಿಟ್ಟು ಹೋದ ಜಾಗ. ಒಂದು ಮನುಷ್ಯನ ಆಯುಷ್ಯ, ಇನ್ನು ಸ್ವಲ್ಪ ಹೆಚ್ಚು, ಅಷ್ಟು ಕಾಲ ಅದನ್ನು ಕಡಿಯದೆ ಬಿಟ್ಟಿದ್ದಾರೆ. ಮರಗಳ ತುದಿ ನೋಡಲು ಹೋದರೆ ನನ್ನ ಟೋಪಿ ಬಿತ್ತು.

ಪಾರ್ಕಿನೊಳಗೆ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮನೆಗೆ ಮರಳಿದ ಮೇಲೆ ತಮ್ಮನಿಗೆ ಫೋನು ಮಾಡಿ, ಅಕೇಶಿಯಾ ಬೇಡ, ಬೇಲಿ ಹಾಕಿ ಸುಮ್ಮನೆ ಬಿಡೋಣ ಎಂದೆ.

"ಅಣ್ಣ, ನಿನಗೆ ಎಪ್ಪತ್ತನಾಲ್ಕು. ನನಗೆ ಎಪ್ಪತ್ತು. ಅದು ಕಾಡಾಗೋ ಹೊತ್ತಿಗೆ ಯಾರು ಇರ್ತಾರೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮದುವೆಯ ಖರ್ಚಿಗೆ ನನ್ನ ಠೇವಣಿಯಿಂದ ಒಂದು ಪಾಲು ಕೊಡುತ್ತೇನೆ, ಬೇಲಿಯ ಖರ್ಚೂ ನನ್ನದೇ, ದನ ಒಳಗೆ ನುಗ್ಗದಂತೆ ನೋಡಿಕೊಳ್ಳುವುದು ನಿನ್ನದು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಕಂಬ ಬೇಕು, ಲೆಕ್ಕ ಹಾಕಿ ಹೇಳು" ಎಂದ.

ಮೊಮ್ಮಗನನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು. ಮಕ್ಕಳೇ, ನೀವೂ ಹಾಕಿ ನೋಡಿ. ಒಂದು ಎಕರೆಗೆ 43,560 ಚದರ ಅಡಿ, ಎರಡಕ್ಕೆ 87,120. ಗುಡ್ಡ ಚೌಕವಾಗಿದೆ ಎಂದಿಟ್ಟುಕೊಂಡರೆ ಒಂದು ಬದಿ ಸುಮಾರು 295 ಅಡಿ, ಸುತ್ತಳತೆ 1,180 ಅಡಿ. ಎಂಟು ಅಡಿಗೊಂದು ಕಂಬ ಎಂದರೆ 148 ಕಂಬ. ಮೊಮ್ಮಗ ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದ, ಟ್ಯಾಲಿ ಆಯಿತು. ಫೋನಿನಲ್ಲಿ ಅವನೇ ಚಿಕ್ಕಜ್ಜನಿಗೆ ಹೇಳಿದ.

"ಗುಡ್ಡ ಚೌಕ ಇಲ್ಲ ಮಾರಾಯ," ಎಂದ ನನ್ನ ತಮ್ಮ, "ನೂರ ಅರವತ್ತು ತರಿಸ್ತೀನಿ."